ಬೋಣಿಗೆಯಾದವಳು ನಿಲ್ಲಬಾರದು

ಹೋದ ವರ್ಷ ನಮ್ಮ ತಾಂಬಾ ಊರಿಗೆ ಆಫ್ರಿಕಾದಿಂದ ಒಂದು ವ್ಯಾನು ತುಂಬ ಹೆಣ್ಣುಮಕ್ಕಳು ಬಂದಿದ್ದರು. ವ್ಯಾನು ವಿಜಯಪುರದ್ದು, ಹೆಣ್ಣುಮಕ್ಕಳು ಮಾತ್ರ ಆಫ್ರಿಕಾದವರೇ. ಎಲ್ಲರೂ ಸ್ವಂತ ವ್ಯಾಪಾರ ಮಾಡುವವರು. ಒಬ್ಬಳು ಬಟ್ಟೆ ಮಾರುತ್ತಾಳಂತೆ, ಒಬ್ಬಳು ಮೀನು ಒಣಗಿಸಿ ಮಾರುತ್ತಾಳಂತೆ. ಮತ್ತೊಬ್ಬಳು, ಮೈಕೈ ತುಂಬಿಕೊಂಡಿದ್ದ ದೊಡ್ಡ ನಗೆಯ ಹೆಂಗಸು, ಶೇಂಗಾ ಅರೆದು ಡಬ್ಬಿಗೆ ತುಂಬಿ ಮಾರುತ್ತಾಳಂತೆ. ನಾಲ್ಕು ಊರಿನ ಸಂತೆಯಲ್ಲಿ ಶೇಂಗಾದ ಹಿಂಡಿ ಮಾರುತ್ತಲೇ ಮುದುಕಿಯಾದವಳು ಒಬ್ಬಳಿದ್ದಾಳೆ ಎಂದು ಅವರಿಗೆ ಯಾರೋ ಹೇಳಿದ್ದರು. ಹೀಗಾಗಿ ನನ್ನ ಪಡಸಾಲೆಗೆ ಬಂದು ಕೂತರು.

ಹಿಂಡಿ ಎಂದರೆ ಬೆಂಗಳೂರು ಕಡೆಯವರು ಚಟ್ನಿಪುಡಿ ಎನ್ನುತ್ತಾರಲ್ಲ, ಅದು. ರೊಟ್ಟಿಯ ಜೊತೆ ಹಿಂಡಿ, ಮೊಸರು ಬಡಿಸಿದೆ. ಶೇಂಗಾದ ಹೆಂಗಸು ಹಿಂಡಿಯನ್ನು ಬೆರಳಲ್ಲಿ ತಿಕ್ಕಿ, ಮೂಸಿ, ತಲೆಯಾಡಿಸಿದಳು. ಅವರ ಮಾತನ್ನು ಕನ್ನಡ ಮಾಡಿ ಹೇಳಲು ಒಬ್ಬ ಹುಡುಗಿ ಬಂದಿದ್ದಳು. ಆ ಹುಡುಗಿಯ ಬಾಯಿಂದ ಕೇಳಿಸಿದರು: ವ್ಯಾಪಾರ ಶುರು ಮಾಡುವ ಹೆಣ್ಣುಮಗಳಿಗೆ ನೀವು ಏನು ಬುದ್ಧಿ ಹೇಳುತ್ತೀರಿ?

ನನಗೆ ನಗು ಬಂತು. ಬುದ್ಧಿ ಹೇಳುವಷ್ಟು ಬುದ್ಧಿ ಇದ್ದಿದ್ದರೆ ನಾನು ಯಾಕೆ ಒನಕೆ ಹಿಡಿಯುತ್ತಿದ್ದೆ? ಆದರೂ ಹೇಳಿದೆ. ತೂಕದಲ್ಲಿ ಮೋಸ ಮಾಡಬೇಡಿರಿ, ಈ ವಾರದ ರುಚಿಯೇ ಮುಂದಿನ ವಾರವೂ ಇರಲಿ, ಶೇಂಗಾ ಬಿಸಿಯಿದ್ದಾಗ ಕುಟ್ಟಬೇಡಿರಿ, ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬರೆದುಕೊಂಡರು. ಆಮೇಲೆ ಯಾಕೋ ಬಾಯಿ ತಡೆಯದೆ ಒಬ್ಬ ಬಳೆಗಾರ್ತಿಯ ಮಾತು ತೆಗೆದೆ. ನನ್ನ ಬೋಣಿಗೆ ಆಕೆಯೇ ಮಾಡುತ್ತಿದ್ದಳು ಎಂದೆ. ಬೋಣಿಗೆ ಎಂದರೆ ದಿನದ ಮೊದಲ ವ್ಯಾಪಾರ ಎಂದು ಹುಡುಗಿ ತಿಳಿಸಿ ಹೇಳಿದಾಗ ಶೇಂಗಾದ ಹೆಂಗಸು ತೊಡೆ ತಟ್ಟಿ ನಕ್ಕಳು. ಅವರ ಸಂತೆಯಲ್ಲೂ ಮೊದಲ ಗಿರಾಕಿಯ ಕೈಗುಣ ನೋಡುತ್ತಾರಂತೆ. ನನ್ನ ಕಥೆಯ ಅರ್ಧಕ್ಕೇ ಎಲ್ಲರೂ ಚಪ್ಪಾಳೆ ತಟ್ಟಿದರು. ಶೇಂಗಾದ ಹೆಂಗಸು ಮಾತ್ರ ತಟ್ಟಲಿಲ್ಲ. "ಆಮೇಲೆ ಆ ಬಳೆಗಾರ್ತಿ ಏನಾದಳು?" ಎಂದು ಕೇಳಿದಳು.

"ರೊಟ್ಟಿ ಆರಾಕತ್ತಾವ, ಮೊದಲ ಉಣ್ಣರಿ" ಎಂದುಬಿಟ್ಟೆ. ಅವತ್ತು ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಾನು ತಾಂಬಾದ ಈ ಮನೆಯಲ್ಲಿ ಗಂಡ ಸತ್ತ ಸೊಸೆ. ಸಾಲೋಟಗಿಯಿಂದ ಮದುವೆಯಾಗಿ ಬಂದವಳು, ಮಕ್ಕಳಿಲ್ಲ. ಗಂಡ ಜ್ವರದಲ್ಲಿ ಹೋದ. ಹಣೆಯ ಕುಂಕುಮ ಹೋಗಿ ವಿಭೂತಿ ಉಳಿಯಿತು, ಕೈ ಬರಿದಾಯಿತು. ಮನೆಯವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಜಗಳವಾದರೂ ಆಗುತ್ತಿತ್ತು, ನಾಲ್ಕು ಮಾತು ಬರುತ್ತಿದ್ದವು. ಅನ್ನಕ್ಕೆ ಕೊರತೆ ಇರಲಿಲ್ಲ, ಮಾತಿಗೆ ಇತ್ತು. ನನ್ನ ತಾಟು ಇಟ್ಟು ಹೋಗುವರು, ನಾನು ಉಂಡು ತೊಳೆದಿಡುವೆ. ಮದುವೆ, ಸೀಮಂತ, ತೊಟ್ಟಿಲು ಎಂದರೆ ನನ್ನನ್ನು ಹಿತ್ತಲಿಗೆ ಕಳಿಸುವರು. ಅಲ್ಲಿ ಒಂದು ಕಲ್ಲಿನ ಒಳ್ಳು ಇತ್ತು. ಶೇಂಗಾ ಹುರಿದು, ಸಿಪ್ಪೆ ತೂರಿ, ಬೆಳ್ಳುಳ್ಳಿ, ಖಾರ, ಜೀರಿಗೆ, ಉಪ್ಪು ಹಾಕಿ ಕುಟ್ಟುತ್ತಿದ್ದೆ. ಒನಕೆ ಬಿದ್ದಾಗ ಒಳ್ಳು ಸದ್ದು ಮಾಡುತ್ತಿತ್ತಲ್ಲ, ಎಷ್ಟೋ ದಿನ ನನ್ನ ಜೊತೆ ಮಾತಾಡಿದ್ದು ಅದೊಂದೇ. ಒಳ್ಳಿನ ಜೊತೆ ನಾನೂ ಮಾತಾಡತೊಡಗಿದಾಗ ನನಗೇ ಹೆದರಿಕೆಯಾಯಿತು.

ಅದಕ್ಕೇ ಸಂತೆಗೆ ಹೊರಟೆ. ಹೊಟ್ಟೆಪಾಡಿಗೆ ಹೊರಟಳು ಎಂದು ಈಗಲೂ ಜನ ಹೇಳುತ್ತಾರೆ. ಸುಳ್ಳು. ಸಂತೆಯಲ್ಲಿ ಕೂತರೆ ಯಾರಾದರೂ ಬಂದು "ಹೆಂಗ ಕೊಟ್ಟಿ ಹಿಂಡಿ?" ಎಂದು ಕೇಳಿಯೇ ಕೇಳುತ್ತಾರೆ, ಆ ಮಾತಿನ ಆಸೆಗೆ ಹೊರಟೆ.

ಮಾವನಿಗೆ ಸೇರಲಿಲ್ಲ. "ನಮ್ಮ ಮನಿ ಹೆಣಮಗಳು ಸಂತ್ಯಾಗ ಬುಟ್ಟಿ ಇಟಗೊಂಡು ಕುಂಡ್ರೂದಾ?" ಎಂದು ಕೂಗಾಡಿದರು. ಅತ್ತೆ ಒಂದೇ ಮಾತು ಹೇಳಿದರು: "ಹೋಗ್ಲಿ ಬಿಡ್ರಿ. ಹಿತ್ತಲದಾಗ ಒಬ್ಬಾಕಿನ ಮಾತಾಡ್ತಾಳ. ನಂಗ ಕೇಳತೈತಿ." ಅತ್ತೆಗೆ ಕೇಳಿಸುತ್ತಿತ್ತು ಎಂಬುದು ನನಗೆ ಆವತ್ತೇ ಗೊತ್ತಾದದ್ದು.

ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ, ಈ ನಾಲ್ಕು ಊರಿನ ಸಂತೆ ಬೇರೆ ಬೇರೆ ದಿನ. ಕೆಲವು ವ್ಯಾಪಾರಿಗಳು ನಾಲ್ಕನ್ನೂ ಸುತ್ತುತ್ತಿದ್ದರು, ಅದೇ ಕೆಂಪು ಬಸ್ಸು, ಅದೇ ಮುಖಗಳು. ನಾನು ಮೊದಲು ಹೋದದ್ದು ಸಿಂದಗಿಗೆ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಬೆಲ್ಲದ ವ್ಯಾಪಾರಿಯೊಬ್ಬ ಗೋಣಿತಟ್ಟು ಹಾಸುತ್ತಿದ್ದ, ಅವನ ಬಾಜು ಜಾಗ ಖಾಲಿಯಿತ್ತು. ಬುಟ್ಟಿ ಇಳಿಸಿದೆ. ಅವನು ತಲೆಯೆತ್ತಿ ನನ್ನ ಹಣೆ ನೋಡಿದ, ಕೈ ನೋಡಿದ. "ಹಿಂದ ಸರಿ, ಯವ್ವಾ" ಎಂದ. "ನಮ್ಮದೆಲ್ಲಾ ಬೋಣಿಗಿ ಆಗ್ಲಿ, ಆಮ್ಯಾಲ ಬಾ." ಮಾತಿನ ಆಸೆಗೆ ಹೋದವಳಿಗೆ ಸಂತೆ ಆಡಿದ ಮೊದಲ ಮಾತು ಅದು.

ಅವನು ಕೆಟ್ಟವನಲ್ಲ. ನಮ್ಮ ಕಡೆ ಎಲ್ಲರೂ ನಂಬಿದ್ದನ್ನೇ ಅವನೂ ನಂಬಿದ್ದ. ನಸುಕಿನಲ್ಲಿ, ಬೋಣಿಗೆಗೆ ಮೊದಲು, ಮುಂಡೆಯ ಮುಖ ಎದುರಾದರೆ ದಿನವೇ ಕೆಟ್ಟಿತು ಎಂದು ಲೆಕ್ಕ. ನಾನೂ ಅದನ್ನೇ ನಂಬಿ ಬೆಳೆದವಳು. ಸಂತೆಯ ಕೊನೆಗೆ ದನಗಳು ನೀರು ಕುಡಿಯುವ ಬಾನಿ ಇತ್ತು. ಅದರ ಹಿಂದೆ ಬುಟ್ಟಿ ಹಿಡಿದು ನಿಂತೆ. ಒಬ್ಬೊಬ್ಬರದೇ ಬೋಣಿಗೆಯಾಗಿ ಅವರು ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವುದು ದೂರದಿಂದ ಕಾಣುತ್ತಿತ್ತು. ಎಲ್ಲರದೂ ಮುಗಿದು ನಾನು ಕೂರುವ ಹೊತ್ತಿಗೆ ಬಿಸಿಲೇರಿ, ಒಳ್ಳೆಯ ಗಿರಾಕಿಗಳು ಮನೆ ಸೇರಿರುತ್ತಿದ್ದರು. ಬುಟ್ಟಿ ಹೋದ ಹಾಗೇ ತಿರುಗಿ ಬರುತ್ತಿತ್ತು. ನಾಲ್ಕೂ ಊರಲ್ಲಿ ಹೀಗೇ. ನಿಂತು ನಿಂತು ಕಾಲು ಬಾತವು.

ಸಂತೆಯಲ್ಲಿ ಒಬ್ಬಳೇ ಉಣ್ಣುವುದು ಎಂಥ ಕಷ್ಟ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಉಳಿದವರು ಗುಂಪಾಗಿ ಗಂಟು ಬಿಚ್ಚಿ, ನಿನ್ನ ಪಲ್ಲೆ ಕೊಡು, ನನ್ನ ಮೆಣಸಿನಕಾಯಿ ತಗೋ ಎಂದು ಗದ್ದಲ ಮಾಡುತ್ತಿದ್ದರು. ನಾನು ಬಸ್ ಸ್ಟ್ಯಾಂಡಿನ ಗೋಡೆಯ ಕಡೆ ಮುಖ ಮಾಡಿ ರೊಟ್ಟಿ ಮುರಿಯುತ್ತಿದ್ದೆ. ಮುದ್ದೇಬಿಹಾಳದ ಸಂತೆ ಮುಗಿದರೆ ವಾಪಸು ಬಸ್ಸು ಸಿಗದು. ಒಂದು ಮಠದ ಕಟ್ಟೆಯ ಮೇಲೆ ಮಲಗಬೇಕು. ಅಲ್ಲಿ ಮಲಗಿದಾಗ ಹಿತ್ತಲಿನ ಒಳ್ಳು ನೆನಪಾಗುತ್ತಿತ್ತು. ಕಲ್ಲನ್ನು ನೆನೆಸಿಕೊಂಡು ಅತ್ತವಳು ನಾನೊಬ್ಬಳೇ ಇರಬೇಕು.

ಇನ್ನು ಸಾಕು, ಬಿಟ್ಟುಬಿಡೋಣ ಎಂದು ತೀರ್ಮಾನಿಸಿ ಹೋದ ವಾರವೇ ಅದು ನಡೆಯಿತು. ಸಿಂದಗಿಯಲ್ಲಿ ಬಾನಿಯ ಹಿಂದೆ ನಿಂತಿದ್ದೆ. ಮಬ್ಬು ಬೆಳಕಲ್ಲಿ ಒಬ್ಬ ಹೆಂಗಸು ನನ್ನ ಕಡೆಗೇ ನಡೆದು ಬಂದಳು. ನಡೆದರೆ ಸದ್ದಾಗುತ್ತಿತ್ತು, ಮುಂಗೈ ತುಂಬ ಹಸಿರು ಬಳೆ. ನಾಲ್ಕು ಸಂತೆಯನ್ನೂ ಸುತ್ತುವ ಬಳೆಗಾರ್ತಿ, ಸಿಂದಗಿಯವಳೇ, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಹಣೆಯಲ್ಲಿ ಕಾಸಿನಗಲ ಕುಂಕುಮ. ಸಂತೆಯಲ್ಲಿ ಯಾರಾದರೂ ನನ್ನ ಮುಖ ತಪ್ಪಿಸಿಕೊಳ್ಳಬೇಕಾಗಿದ್ದರೆ ಅದು ಅವಳೇ. ಅವಳ ಗಿರಾಕಿಗಳೆಲ್ಲ ಮುತ್ತೈದೆಯರು, ಮದುಮಗಳಂದಿರು. ನಾನು ಸೆರಗು ಎಳೆದುಕೊಂಡು ಆಚೆ ತಿರುಗಿದೆ.

"ಒಂದ ಪಾವ ಹಿಂಡಿ ಕೊಡ ತಂಗಿ" ಎಂದಳು.

"ಅಕ್ಕಾ, ನಿಮ್ಮ ಬೋಣಿಗಿ ಆಗೇತೇನ್ರಿ?"

"ಇಲ್ಲ."

"ಹಂಗಾರ ಆಮ್ಯಾಲ ಬರ್ರಿ. ನನ್ನ ಮಾರಿ ನೋಡಬ್ಯಾಡ್ರಿ."

"ನೋಡಿದ್ದಾತಲ್ಲ" ಎಂದು ನಕ್ಕಳು. "ನಿಂದ ಆಗ್ಲಿ ಮೊದಲ. ದಿನಾ ನೋಡ್ತೇನಿ, ದನದ ಜೋಡಿ ನಿಂತಿರ್ತಿ. ಕೊಡು."

ಪಾವು ಕಿಲೋ ತೂಗಿದೆ. ಪೊಟ್ಟಣ ಕಟ್ಟಿ ಕೊಟ್ಟೆ. ಅವಳು ನಾಣ್ಯವನ್ನು ಅಂಗೈಯಲ್ಲಿ ಒತ್ತಿ ಇಟ್ಟಳು. "ಈಗ ಹೋಗಿ ಬೆಲ್ಲದವನ ಬಾಜುಕ ಕುಂಡ್ರು. ಎಬ್ಬಸಾಕ ಬಂದ್ರ ಬೋಣಿಗಿ ಆಗೇತಿ ಅನ್ನು. ಬೋಣಿಗಿ ಆದಾಕಿ ನಿಂದ್ರಬಾರದು ತಂಗಿ, ಆಕಿನ್ನ ಎಬ್ಬಸಲೂಬಾರದು."

ಅದೂ ನಮ್ಮ ಸಂತೆಯ ಕಟ್ಟಳೆಯೇ. ಬೋಣಿಗೆಯಾದ ವ್ಯಾಪಾರಿಯನ್ನು ಜಾಗ ಬಿಡಿಸಿ ಎಬ್ಬಿಸಿದರೆ ಎಬ್ಬಿಸಿದವನ ಲಕ್ಷ್ಮಿಯೂ ಜೊತೆಗೆ ಏಳುತ್ತಾಳೆ ಎಂಬ ನಂಬಿಕೆ. ಒಂದು ನಂಬಿಕೆ ನನ್ನನ್ನು ಬಾನಿಯ ಹಿಂದೆ ನಿಲ್ಲಿಸಿತ್ತು, ಇನ್ನೊಂದನ್ನು ಹಿಡಿದು ಅವಳು ನನ್ನನ್ನು ಕೂಡಿಸಿದಳು. ನಾನು ಹೋಗಿ ಕೂತೆ. ಬೆಲ್ಲದವನು ಹುಬ್ಬು ಗಂಟಿಕ್ಕಿದ. ಬೋಣಿಗಿ ಆಗೇತ್ರಿ ಕಾಕಾ ಎಂದು ನಾಣ್ಯ ತೋರಿಸಿದೆ. ಅವನು ಆಚೆ ತಿರುಗಿ ಬೆಲ್ಲದ ಉಂಡೆ ಜೋಡಿಸತೊಡಗಿದ. ಅವನ ಬೆಲ್ಲ ಆವತ್ತು ಎಂದಿನಂತೆಯೇ ಮಾರಿತು. ನನ್ನ ಹಿಂಡಿಯೂ ಮಾರಿತು.

ಅಂದಿನಿಂದ ಯಾವ ಊರ ಸಂತೆಯಾದರೂ ಅವಳು ನಸುಕಿನಲ್ಲಿ ಬಂದು ನನ್ನ ಬೋಣಿಗೆ ಮಾಡಿ ಹೋಗುತ್ತಿದ್ದಳು. ಯಾರಿಗೂ ಗೊತ್ತಾಗಬಾರದು ಎಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ, ಅದು ಮಾತಾಡದೆಯೇ ಗೊತ್ತಿತ್ತು. ಗೊತ್ತಾದರೆ ಯಾವ ಮದುಮಗಳ ತಾಯಿ ಅವಳ ಹತ್ತಿರ ಬಳೆ ಇಡಿಸುತ್ತಾಳೆ? ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ಸಂತೆಯಲ್ಲಿ ಎದುರುಬದುರು ಕೂತರೂ ಗುರುತಿಲ್ಲದವರ ಹಾಗೆ. ಅವಳು ಹುಡುಗಿಯರ ಅಂಗೈ ಹಿಡಿದು, ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ, ಮಾತಾಡಿಸುತ್ತ ಮಾತಾಡಿಸುತ್ತ ಬಳೆ ಏರಿಸಿಬಿಡುತ್ತಿದ್ದಳು. ನಾನು ದೂರದಿಂದ ನೋಡುತ್ತಿದ್ದೆ. ನನ್ನ ಕೈಯನ್ನು ಯಾರಾದರೂ ಹಿಡಿದು ಎಷ್ಟು ವರ್ಷವಾಯಿತು ಎಂದು ಯೋಚನೆ ಬರುತ್ತಿತ್ತು. ದಿನಕ್ಕೆ ಒಂದು ಪೊಟ್ಟಣ, ಎರಡು ಮಾತು, ನಮ್ಮ ಸ್ನೇಹ ಅಷ್ಟೇ. ಅಷ್ಟಕ್ಕೇ ನಾನು ಬದುಕುತ್ತಿದ್ದೆ.

ವ್ಯಾಪಾರ ಬೆಳೆಯಿತು. ಆಲಮಟ್ಟಿಯಲ್ಲಿ ಆಣೆಕಟ್ಟಿನ ಕೆಲಸ ನಡೆದಿತ್ತು. ಅಲ್ಲಿನ ಕೂಲಿಯವರು ಬಾಗೇವಾಡಿ, ಮುದ್ದೇಬಿಹಾಳದ ಸಂತೆಗೆ ಬಂದು ವಾರಕ್ಕಾಗುವಷ್ಟು ಹಿಂಡಿ ಒಯ್ಯುತ್ತಿದ್ದರು. ಒಲೆ ಹಚ್ಚದೆ ರೊಟ್ಟಿಗೆ ಹಚ್ಚಿಕೊಳ್ಳಬಹುದಲ್ಲ. ಕುಟ್ಟಲು ಓಣಿಯ ಇಬ್ಬರು ಹೆಂಗಸರನ್ನು ಕರೆದುಕೊಂಡೆ. ಮಾವ ನನ್ನ ಬುಟ್ಟಿಗೆ ತಾವೇ ಹಗ್ಗ ಕಟ್ಟಿಕೊಡುವ ಮಟ್ಟಕ್ಕೆ ಬಂದರು. ಯಾರ ಬೋಣಿಗೆಯೂ ಬೇಡ, ಹೋದರೆ ಜಾಗ ಸಿಗುತ್ತದೆ ಎಂಬಷ್ಟು ನಾನು ಸಂತೆಗೆ ಹಳಬಳಾದೆ. ಆದರೂ ಅವಳು ಬಂದು ಹೋಗುವವರೆಗೆ ಬುಟ್ಟಿಗೆ ಮುಚ್ಚಿದ ಅರಿವೆ ತೆಗೆಯುತ್ತಿರಲಿಲ್ಲ.

ದಶಕ ಮುಗಿಯುತ್ತ ಬಂದಾಗ ಒಂದು ಸಂತೆಗೆ ಅವಳು ಬರಲಿಲ್ಲ. ಮುಂದಿನದಕ್ಕೂ ಇಲ್ಲ. ಅವಳ ಜಾಗದಲ್ಲಿ ಪಾತ್ರೆಯವನು ಕೂತ. ವಿಚಾರಿಸೋಣವೆಂದರೆ, ನಿನಗೇನು ಆಕೆಯ ಪರಿಚಯ ಎಂದು ಕೇಳಿದರೆ ಏನು ಹೇಳಲಿ? ಕಡೆಗೆ ಬೆಲ್ಲದವನೇ ಮಾತಿನಲ್ಲಿ ಮಾತು ತೆಗೆದ: "ಬಳಿಗಾರ್ತಿ ಗಂಡ ತೀರಕೊಂಡನಂತ. ಪಾಪ, ಛಲೋ ಹೆಣಮಗಳು. ಇನ್ನ ಬಳಿ ಮಾರಾಂಗಿಲ್ಲಲ್ಲ." ನಾನು ತಕ್ಕಡಿ ಹಿಡಿದವಳು ಹಿಡಿದೇ ಕೂತೆ. ನನಗಾದರೋ ಹಿಂಡಿ, ಯಾರ ಕೈಯ ಹಿಂಡಿಯೂ ನಾಲಿಗೆಗೆ ಒಂದೇ. ಗಂಡ ಸತ್ತವಳ ಕೈಯಿಂದ ಬಳೆ ಇಡಿಸಿಕೊಳ್ಳುವವರು ನಮ್ಮ ನಾಲ್ಕು ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ. ಅವಳ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲಿದ್ದ ಮುದುಕಿ, ಆಕೆ ಇನ್ನೂ ಹೊರಗೆ ಬರುವ ಹಾಗಿಲ್ಲ ಎಂದು ಹೇಳಿ ಕಳಿಸಿದಳು.

ಎರಡು ಮೂರು ತಿಂಗಳಾದ ಮೇಲೆ, ಸಿಂದಗಿಯಲ್ಲೇ, ಬೆಳಗ್ಗೆ ನಾನು ಬುಟ್ಟಿ ಇಳಿಸುತ್ತಿದ್ದಾಗ ಬಾನಿಯ ಹಿಂದೆ ಯಾರೋ ನಿಂತದ್ದು ಕಂಡಿತು. ಸೆರಗು ಕಣ್ಣಿನವರೆಗೆ ಎಳೆದುಕೊಂಡಿದ್ದಳು. ಕೈ ಸದ್ದು ಮಾಡುತ್ತಿರಲಿಲ್ಲ. ಆದರೆ ಆ ನಿಲುವು ನನಗೆ ಗೊತ್ತಿತ್ತು. ಎದ್ದು ಕೂಗಿದೆ, "ಅಕ್ಕಾ, ಬರ್ರಿ!" ಇಡೀ ಸಂತೆ ತಿರುಗಿ ನೋಡಿತು. ಅಷ್ಟು ವರ್ಷ ಗುಟ್ಟಾಗಿಟ್ಟದ್ದನ್ನು ಒಂದು ಕೂಗಿಗೆ ಒಡೆದೆ, ಈಗ ಮುಚ್ಚಿಡಲು ಏನು ಉಳಿದಿತ್ತು? ಅವಳು ಅಲ್ಲಿಂದಲೇ ಕೈ ಆಡಿಸಿದಳು. "ನಿನ್ನ ಬೋಣಿಗಿ ಆಗ್ಲಿ ತಡಿ. ಆಮ್ಯಾಲ ಬರ್ತೇನಿ" ಎಂದಳು.

ನನ್ನ ಮುಖಕ್ಕೆ ಹೆದರದವಳು ತನ್ನ ಮುಖಕ್ಕೆ ತಾನೇ ಹೆದರಿದ್ದಳು. ನನಗೆ ಸಿಟ್ಟು ಬಂತು. ಅವಳ ಮೇಲೋ, ಸಂತೆಯ ಮೇಲೋ, ಸತ್ತ ಗಂಡಂದಿರ ಮೇಲೋ, ಈಗಲೂ ತಿಳಿಯದು. ಅರಿವೆ ಮುಚ್ಚಿದ ಬುಟ್ಟಿ ಮುಂದಿಟ್ಟುಕೊಂಡು ಕೂತುಬಿಟ್ಟೆ. ಅವಳ ಕೈಯಿಂದಲೇ ಬೋಣಿಗೆ, ಇಲ್ಲವಾದರೆ ಇಲ್ಲ. ಗಿರಾಕಿ ಬಂದರು. "ಬೋಣಿಗಿ ಆಗಿಲ್ಲ, ತಡೀರಿ" ಎಂದೆ. "ಮತ್ತ ನಾವ ಮಾಡ್ತೇವಲ್ಲ ಬೋಣಿಗಿ?" ಎಂದರು. "ನಿಮ್ಮ ಕೈಲಿ ಬ್ಯಾಡ." ಕೆಲವರು ನಕ್ಕರು, ಕೆಲವರು ಬೈದರು. ಬೆಲ್ಲದವನು ತಲೆ ಚಚ್ಚಿಕೊಂಡ: "ಏ ಹುಚ್ಚಿ, ಬಂದ ಲಕ್ಷ್ಮೀನ ಒದ್ದ ಕಳಸ್ತೀಯಲ್ಲ!" ನಾನು ಬಾನಿಯ ಕಡೆ ನೋಡುತ್ತ ಕೂತೆ. ಅವಳು ನನ್ನ ಕಡೆ ನೋಡುತ್ತ ನಿಂತಳು. ಬಿಸಿಲು ಏರಿತು, ಇಳಿಯಿತು. ಅವಳೂ ಉಣ್ಣಲಿಲ್ಲ, ನಾನೂ ಉಣ್ಣಲಿಲ್ಲ. ಇಬ್ಬರೂ ಹಠಮಾರಿಗಳು.

ಸಂಜೆ ವ್ಯಾಪಾರಿಗಳು ಗಂಟು ಕಟ್ಟಿಕೊಂಡು ಹೋದರು. ಬೆಲ್ಲದವನು ಹೋಗುವಾಗ ಒಂದು ಉಂಡೆ ಬೆಲ್ಲವನ್ನು ನನ್ನ ಬುಟ್ಟಿಯ ಮೇಲಿಟ್ಟು ಹೋದ. ಸಂತೆಯಲ್ಲಿ ನಾವಿಬ್ಬರೇ ಉಳಿದೆವು. ಆಗ ಬಂದಳು.

"ಎಂಥಾ ಮೊಂಡ ಅದಿ ನೀ" ಎಂದಳು. "ನನ್ನ ಕೈಲಿ ಬೋಣಿಗಿ ಆಗಿ ನಾಳೆ ನಿನ್ನ ವ್ಯಾಪಾರ ಕೆಟ್ರ?"

"ಕೆಡ್ಲಿ."

ನಾಣ್ಯ ಕೊಟ್ಟಳು. ಪಾವು ಹಿಂಡಿ ತೂಗಿ ಪೊಟ್ಟಣ ಕಟ್ಟಿದೆ. ಆ ದಿನದ ಮೊದಲ ವ್ಯಾಪಾರವೂ ಅದೇ, ಕಡೆಯದೂ ಅದೇ. "ಕುಂಡ್ರಿ ಅಕ್ಕಾ" ಎಂದು ಗೋಣಿತಟ್ಟಿನ ಮೇಲೆ ಸರಿದು ಜಾಗ ಮಾಡಿದೆ. "ನಾಳೆಯಿಂದ ನನ್ನ ಬಾಜುಕ ಕುಂಡ್ರಿ. ಇಬ್ಬರೂ ಕೂಡಿ ಮಾರೂನು." ಅವಳು ಕೂರಲಿಲ್ಲ. ಸೊಲ್ಲಾಪುರದ ಕಡೆ ತಮ್ಮನ ಮನೆ ಇದೆ, ಅಲ್ಲಿಗೆ ಹೊರಟಿದ್ದೇನೆ, ಹೇಳಿ ಹೋಗಲು ಬಂದೆ ಎಂದಳು.

"ಬಳಿ ಮಾರ್ರಿ ಅಕ್ಕಾ. ನಿಮಗ ಬರೂದು ಅದ."

"ಯಾವ ಮುತ್ತೈದಿ ನನಗ ಕೈ ಕೊಡ್ತಾಳ ಈಗ?"

"ನಾ ಕೊಡ್ತೇನಿ" ಎಂದು ನನ್ನ ಬರಿಗೈ ಚಾಚಿದೆ. ನಡುಸಂತೆಯಲ್ಲಿ, ಗಂಡ ಸತ್ತವಳು, ಬಳೆಗೆ ಕೈ ಚಾಚಿದೆ. ನಿಮ್ಮ ಬೋಣಿಗಿ ನಾ ಮಾಡ್ತೇನಿ ಎಂದೆ.

ಅವಳು ನನ್ನ ಅಂಗೈ ಹಿಡಿದಳು. ರೂಢಿಯ ಬಲದಿಂದ ಹೆಬ್ಬೆರಳು ಮಡಿಸಿ, ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಒನಕೆ ಹಿಡಿದು ಒರಟಾದ ಕೈ ನನ್ನದು. ಬಹಳ ಹೊತ್ತು ಒತ್ತುತ್ತಲೇ ಇದ್ದಳು. "ಗೆಣ್ಣ ಮಿದು ಅದಾವ" ಎಂದಳು. "ಒಂದ ಬಳಿನೂ ಒಡೀತಿದ್ದಿಲ್ಲ." ಕೈ ಬಿಟ್ಟಳು. ಬಳೆಯ ಪೆಟ್ಟಿಗೆಯನ್ನು ಆ ವಾರವಷ್ಟೇ ಗಂಡನ ಅಣ್ಣಂದಿರು ಮಾರಿಬಿಟ್ಟಿದ್ದರಂತೆ. ಪೊಟ್ಟಣವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ನನಗೆ ಕೂರಲು ಕಲಿಸಿದವಳು ದಿನವೆಲ್ಲ ನಿಂತಿದ್ದು, ಕೂರದೆಯೇ ಹೋದಳು.

ಆಮೇಲೆ ಅವಳನ್ನು ನೋಡಲಿಲ್ಲ. ಸೊಲ್ಲಾಪುರದ ಬಸ್ಸು ಬಂದರೆ ಇಳಿಯುವವರ ಕೈ ನೋಡುವ ಚಟ ಬಹಳ ವರ್ಷ ಇತ್ತು. ವ್ಯಾಪಾರ ಕೆಡಲಿಲ್ಲ, ಬೆಳೆಯಿತು, ಅವಳ ಕೈಗುಣ. ದುಡ್ಡು ಬಂತು, ಮರ್ಯಾದೆ ಬಂತು, ಜನ ಅವ್ವಾ ಅಂದರು. ನಸುಕಿನ ಆ ಎರಡು ಮಾತು ಮಾತ್ರ ಮತ್ತೆ ಯಾರೂ ಆಡಲಿಲ್ಲ. ಈ ಮನೆಯಲ್ಲಿ ಈಗ ಮಿಕ್ಸರು ಕೂಗುತ್ತದೆ, ನಾನು ಒಮ್ಮೊಮ್ಮೆ ಹಿತ್ತಲಿಗೆ ಹೋಗಿ ಒಳ್ಳಿನ ಹತ್ತಿರ ಕೂತು ಬರುತ್ತೇನೆ.

ಶೇಂಗಾದ ಅಕ್ಕಾ, ನೀನು ಕೇಳಿದ್ದಕ್ಕೆ ಉತ್ತರ ಇದು. ತೂಕ, ರುಚಿ, ಹದ ಎಲ್ಲ ನಿನಗೇ ಗೊತ್ತಿದೆ. ನಿನ್ನ ಊರಿನ ಸಂತೆಗೆ ಹೋದಾಗ, ನಿನ್ನ ಡಬ್ಬಿ ತೆರೆಯುವ ಮೊದಲು, ದೂರದಲ್ಲಿ ಯಾರು ನಿಂತಿದ್ದಾಳೆ ನೋಡು. ಹೋಗಿ ಅವಳ ಬೋಣಿಗೆ ಮಾಡು, ಅವಳನ್ನು ಕೂಡಿಸು. ನಾಳೆ ಮಾಡಿದರಾಯಿತು ಎನ್ನಬೇಡ. ನಾನು ಕೈ ಚಾಚಿದ ದಿನ ಅವಳ ಹತ್ತಿರ ಬಳೆ ಇರಲಿಲ್ಲ.